ವಿಮಾನದಲ್ಲಿ ಎಳೆ ಕಡಿಯುವುದಿಲ್ಲ

ವಿಮಾನದ ವಿಷಯ ಬರೆಯುವ ಯೋಗ್ಯತೆ ನನಗಿಲ್ಲ. ಬಾಗಲಕೋಟೆಯಲ್ಲಿ ಸಂಜೆ ತರಗತಿಗೆ ಹೋಗಿ ವೈರ್‌ಮನ್ ಪರೀಕ್ಷೆ ಪಾಸಾದವನು ನಾನು. ಬಲ್ಲವರು ತಪ್ಪು ಕಂಡರೆ ಮನ್ನಿಸಬೇಕು.

೧೯೮೪ರಲ್ಲಿ ಹುನಗುಂದದ ಕಲ್ಲುಗಣಿ ಸಾಹುಕಾರ ಅಂದಾನಪ್ಪನವರು ಹಳೆಯ ಸಣ್ಣ ಜೆಟ್ ವಿಮಾನವೊಂದನ್ನು ಕೊಂಡು, ಗಣಿಯ ಆಚೆ ಹಾಕಿಸಿದ ಡಾಂಬರು ಪಟ್ಟಿಯ ಮೇಲೆ ನಿಲ್ಲಿಸಿದ್ದರು. ಒಳಗಿನದನ್ನೆಲ್ಲ ಕಿತ್ತು ತಂಪು ಯಂತ್ರ, ಕರೆಂಟಿನ ಒಲೆ, ಹೊಸ ದೀಪ, ಟೇಪ್ ರೆಕಾರ್ಡರ್ ಹಾಕಿಸಿದರು. ಮುಂಬೈಯಿಂದ ಬಂದ ಮೆಕ್ಯಾನಿಕ್ಕುಗಳು ಎಂಜಿನ್ ಮಾತ್ರ ನೋಡಿ ಹೋದರು. ಇಷ್ಟು ಸಾಮಾನಿಗೆ ಕರೆಂಟು ಸಾಲುತ್ತದೋ ಇಲ್ಲವೋ ಎಂಬ ಲೆಕ್ಕ, ಇಳಕಲ್ಲಿನ ಮಗ್ಗದ ಶೆಡ್ಡುಗಳಿಗೆ ವೈರಿಂಗ್ ಮಾಡುತ್ತಿದ್ದ ನನ್ನ ಪಾಲಿಗೆ ಬಂತು.

ವಿಮಾನಕ್ಕೆ ಎರಡು ಜನರೇಟರ್. ಒಂದು ಕೆಟ್ಟರೆ ಇನ್ನೊಂದೇ ಎಲ್ಲವನ್ನೂ ಹೊರಬೇಕೆಂದು ಪೈಲಟ್ ಬೀರಲಿಂಗಪ್ಪನವರು ಮೊದಲೇ ಹೇಳಿದ್ದರು. ನಾನು ಎಲ್ಲ ಕೂಡಿಸಿ, ರೂಢಿಯಂತೆ ಮೂರರಲ್ಲೊಂದು ಪಾಲು ಕಳೆದೆ; ಉಳಿದದ್ದು ಒಂದು ಜನರೇಟರ್ ಹೊರುವಷ್ಟೇ ಇತ್ತು. ಶೆಡ್ಡಿನಲ್ಲಿ ಎಲ್ಲ ಮಗ್ಗಗಳೂ ಒಟ್ಟಿಗೆ ಓಡುವುದಿಲ್ಲ. ಎಳೆ ಕಡಿದು ಕೆಲವು ಸದಾ ನಿಂತಿರುತ್ತವೆ.

"ಸಾಲತೈತ್ರಿ," ಎಂದೆ.

ನಮ್ಮಲ್ಲಿ ಇನ್ನೊಂದು ರೂಢಿ. ವೈರಿಂಗ್ ಮಾಡಿದವನೇ ಮೊದಲು ಸ್ವಿಚ್ ಒತ್ತಿ, ಓಡುವ ಮಗ್ಗದ ಮೇಲೆ ಬರಿಗೈ ಇಟ್ಟು ತೋರಿಸಬೇಕು. ಅಂದಾನಪ್ಪನವರಿಗೆ ಅದು ಗೊತ್ತಿತ್ತು.

"ನೀನೂ ಹತ್ತಲೇ, ಹುಚ್ಚೇಶಾ. ಇದಕ್ಕ ಕೈ ಇಟ್ರ ಸಾಲೂದಿಲ್ಲ, ಒಳಗ ಕುಂದರಬೇಕು."

ಬಾಗಿಲು ಮುಚ್ಚಿತು. ಎದುರು ಅವರ ತಾಯಿ ಶಿವಬಸವ್ವ. ನನ್ನ ಮೊಣಕಾಲು ಅವರ ಬುಟ್ಟಿಗೆ ಒತ್ತಿಕೊಂಡಿತ್ತು. ತಲೆ ಎತ್ತಿದರೆ ಮಾಡು ಬಡಿಯುತ್ತಿತ್ತು. ತಾಯಿಗೆ ತೋರಿಸಲೆಂದು ಅಂದಾನಪ್ಪನವರು ಎಲ್ಲವನ್ನೂ ಹಚ್ಚಿಸಿದ್ದರು. ತಂಪು ಬೀಸುತ್ತಿತ್ತು, ಒಲೆಯ ಮೇಲೆ ಚಹಾ, ಟೇಪಿನಲ್ಲಿ ವಚನ. ಒಂದೂ ನಿಂತಿರಲಿಲ್ಲ. ಇಲ್ಲಿ ಯಾವ ಎಳೆ ಕಡಿಯುತ್ತದೆ? ನಾನು ಕಳೆದ ಆ ಪಾಲನ್ನು ಯಾರು ಹೊರಬೇಕು?

"ಯಾಕೋ ತಮ್ಮಾ, ಇಷ್ಟ್ ತಂಪಿನ್ಯಾಗ ಬೆವರಾಕತ್ತಿ?" ಎಂದರು ಶಿವಬಸವ್ವ.

"ಏನಿಲ್ರಿ ಯವ್ವಾ."

"ತೆಗ್ಗಿನ ಮಗ್ಗದಾಗ ಕಾಲ್ ಇಳಿಬಿಟ್ಟು ನೇಯೂ ಮಂದಿ ಬೇ ಇವ್ರು, ಮ್ಯಾಲ ಹೋಗೂದಂದ್ರ ಹೆದರ್ತಾರ," ಎಂದು ಅಂದಾನಪ್ಪನವರು ನಕ್ಕರು.

ಹೇಳಿದರೆ ನಾಳೆಯಿಂದ ಯಾವ ಶೆಡ್ಡಿನವರೂ ನನ್ನನ್ನು ಕರೆಯರು. ಹೇಳದಿದ್ದರೆ ಈ ಮುದುಕಿ, ಈ ಬುಟ್ಟಿ, ನಾನು. ವಿಮಾನ ಉರುಳತೊಡಗಿತು. ಸೊಂಟದ ಪಟ್ಟಿಯ ಕೊಂಡಿ ಬಿಚ್ಚಲು ಬರಲಿಲ್ಲ; ಕುಳಿತಲ್ಲಿಂದಲೇ ಕೂಗಿದೆ.

"ನಿಲ್ಲಸ್ರಿ! ಒಂದು ಜನರೇಟರ್ ಬಂದ್ ಮಾಡಿ ನೋಡ್ರಿ!"

"ಸಾಲತೈತಿ ಅಂದಿದ್ದಿ ಅಲ್ಲಲೇ?"

"ನನ್ನ ಲೆಕ್ಕ ತಪ್ಪೇತ್ರಿ, ಸಾವಕಾರ್ರ."

ಬೀರಲಿಂಗಪ್ಪನವರು ವಿಮಾನ ನಿಲ್ಲಿಸಿ ಒಂದನ್ನು ಬಂದ್ ಮಾಡಿದರು. ದೀಪಗಳು ಮಂಕಾದವು. ಟೇಪಿನ ದನಿ ಎಳೆದೆಳೆದು ನಿಂತಿತು. ಭಾರ ತಾಳದೆ ಉಳಿದ ಜನರೇಟರೂ ಕಟ್ ಆಯಿತು. ಪೈಲಟ್ ಹಿಂತಿರುಗಿ ನನ್ನನ್ನು ನೋಡಿದರು. ಅಂದಾನಪ್ಪನವರೂ ನೋಡಿದರು. ಆ ಸಣ್ಣ ಜಾಗದಲ್ಲಿ ಅವರಿಂದ ಮುಖ ತಿರುಗಿಸಲು ನನಗೆ ಕಡೆಯೇ ಇರಲಿಲ್ಲ.

ಶಿವಬಸವ್ವ ಬುಟ್ಟಿಯಿಂದ ಬೀಸಣಿಗೆ ತೆಗೆದರು. "ನನ್ನ ತಂಪು ನಾ ತಂದೇನಿ. ಆ ಡಬ್ಬಿ ಕಿತ್ತ ಒಗಿ, ಅಂದಾನಿ."

ತಂಪು ಯಂತ್ರ, ಒಲೆ ಎರಡನ್ನೂ ಇಳಿಸಿ, ಮತ್ತೆ ಪರೀಕ್ಷಿಸಿ, ಅವರು ಹಾರಿದರು. ನನ್ನನ್ನು ಹತ್ತಿಸಿಕೊಳ್ಳಲಿಲ್ಲ, ಮುಂದೆಂದೂ ಕರೆಯಲೂ ಇಲ್ಲ.

ನಾನು ಬಾಯಿ ಬಿಡದಿದ್ದರೂ ಎರಡು ಜನರೇಟರುಗಳೂ ಕೆಡದೆ, ಆ ದಿನ ಎಲ್ಲರೂ ಸುಖವಾಗಿ ಇಳಿಯುತ್ತಿದ್ದೆವೋ ಏನೋ. ನನಗೆ ಗೊತ್ತಿಲ್ಲ.