ಕ್ವಾಡ್ರಸ್ ಸ್ಟೋರ್ಸಿನ ಕೂಸಿನ ಕುರ್ಚಿ

ನಾನು ಹಲಸಿನ ಮರದ ಒಂದು ಕುರ್ಚಿ. ಕಾಲು ಉದ್ದ, ಮೈ ಗಿಡ್ಡ. ಎದುರಿಗೆ ತಟ್ಟೆ ಇಡಲು ಒಂದು ಹಲಗೆ, ಕೆಳಗೆ ಪುಟ್ಟ ಪಾದ ಊರಲು ಒಂದು ಅಡ್ಡಪಟ್ಟಿ. ದೊಡ್ಡವರ ಮೇಜಿನ ಪಕ್ಕದಲ್ಲಿ ಕೂಸುಗಳನ್ನು ಕೂರಿಸಿ ಉಣಿಸಲಿಕ್ಕೆಂದು ನನ್ನನ್ನು ಮಾಡಿದ್ದು.

ಮಾಡಿದವರು ಮಂಗಳೂರಿನ ಬೋಳಾರದ ಕೊಗ್ಗ ಆಚಾರಿ. ಹಂಪನಕಟ್ಟೆಯಲ್ಲಿ ಕ್ವಾಡ್ರಸ್ ಸ್ಟೋರ್ಸ್ ಎಂಬ ಮೂರು ಮಾಳಿಗೆಯ ಅಂಗಡಿ ಉಂಟಲ್ಲ, ಅದರ ಒಡತಿ ಎರ್ಮಿನ್ ಬಾಯಿ ಯಾವುದೋ ವಿಲಾಯಿತಿ ಪುಸ್ತಕದ ಚಿತ್ರವನ್ನು ತಂದು ಅವರ ಮುಂದೆ ಹಿಡಿದರು. ಆಚಾರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಎಂತ ಬಾಯಿ, ಇಷ್ಟು ಎತ್ತರದಲ್ಲಿ ಕೂಸನ್ನು ಕೂರಿಸುವುದಾ? ಬಿದ್ದರೆ?"

"ಬೀಳದ ಹಾಗೆ ಮಾಡಲಿಕ್ಕೇ ನಿಮ್ಮ ಹತ್ತಿರ ಬಂದದ್ದು."

ಆ ಮಾತು ಆಚಾರಿಯ ತಲೆಯಲ್ಲಿ ಕೂತುಬಿಟ್ಟಿತು. ನನ್ನ ಕಾಲುಗಳನ್ನು ಅಗಲಿಸಿ ನಿಲ್ಲಿಸಿದರು. ಅಳತೆಗೆ ಬೇರೆ ಕೂಸು ಸಿಗದೆ ತಮ್ಮ ಗುಂಡು ಮೊಮ್ಮಗನನ್ನೇ ಹಲಗೆಯ ಮೇಲೆ ಕೂರಿಸಿ ಗೀಟು ಎಳೆದರು. ಹಾಗಾಗಿ ಚಿತ್ರದಲ್ಲಿದ್ದ ಕುರ್ಚಿಗಿಂತ ನಾನು ಬಹಳ ಅಗಲ. ಎರ್ಮಿನ್ ಬಾಯಿ ನೋಡಿ ನಕ್ಕರು. "ಇದರಲ್ಲಿ ನಾನೇ ಕೂರಬಹುದು" ಎಂದು ಹೇಳಿ ನನ್ನನ್ನು ಕೈಗಾಡಿಗೆ ಏರಿಸಿದರು.

ಅಂಗಡಿಯ ಕೆಳಗಿನ ಮಾಳಿಗೆಯಲ್ಲಿ ಬಟ್ಟೆ, ರಿಬ್ಬನ್ನು, ಗುಂಡಿ. ನಡುವಿನದರಲ್ಲಿ ಬೂಟು, ಆಟಿಕೆ, ಪಿಂಗಾಣಿ ಪಾತ್ರೆ. ಮೇಲಿನದು ಹೋಟೆಲು. ಅಲ್ಲಿನ ಹನ್ನೆರಡು ಮೇಜುಗಳಿಗೆ ಒಬ್ಬನೇ ನಾನು. ನನ್ನ ಉಸ್ತುವಾರಿ ಹೊಸದಾಗಿ ಸೇರಿದ ವೇಟರ್ ಇನಾಸಣ್ಣನ ಪಾಲಿಗೆ ಬಂತು. ಮದುವೆಯಾಗದ, ಮಿತಮಾತಿನ ಮನುಷ್ಯ. ಬಿಳಿ ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಅದು ತಾನಾಗಿಯೇ ನಿಲ್ಲುವಂತಿರುತ್ತಿತ್ತು. ದಿನಾ ಬೆಳಿಗ್ಗೆ ಮೊದಲು ನನ್ನನ್ನು ಒರೆಸಿ, ಕಾಲು ಅಲ್ಲಾಡುತ್ತದೋ ಎಂದು ಹಿಡಿದು ನೋಡಿ, ಆಮೇಲೆಯೇ ಬೇರೆ ಕೆಲಸ.

ವರ್ಷವಿಡೀ ನನಗೆ ಪುರುಸೊತ್ತು. ಡಿಸೆಂಬರ್ ಬಂತೆಂದರೆ ಮಾತ್ರ ಮಂಗಳೂರಿನ ಕೂಸುಗಳೆಲ್ಲ ಸರದಿಯಲ್ಲಿ ನನ್ನ ಮೇಲೆ. ಮೂಲೆಯಲ್ಲಿ ಹುಲ್ಲು ಹಾಸಿದ ಕ್ರಿಸ್ಮಸ್ ಗೋದಲಿ, ಕಿಟಕಿಗಳಲ್ಲಿ ಕಾಗದದ ನಕ್ಷತ್ರ, ಮೆಟ್ಟಿಲಿನ ತುದಿಗೇ ಮೂಗಿಗೆ ಬಡಿಯುವ ಕೇಕಿನ ಪರಿಮಳ. ಹಬ್ಬದ ಬಟ್ಟೆ ಕೊಳ್ಳಲು ಬಂದವರು ಹೊಸ ಬೂಟಿನ ಪೆಟ್ಟಿಗೆಗಳೊಂದಿಗೆ ಏದುಸಿರು ಬಿಡುತ್ತ ಮೇಲೆ ಬರುತ್ತಿದ್ದರು. ಸನ್ನ, ಕೋಳಿ ಸಾರು, ಕೊನೆಗೆ ಒಂದು ತಟ್ಟೆ ತುಂಬ ಕುಸ್ವಾರ್, ಅಂದರೆ ಹಬ್ಬದ ಕರಿದ ತಿಂಡಿಗಳಾದ ನೆವ್ರಿ, ಕಿಡಿಯೊ, ಗುಲಾಬಿ ಹೂವಿನ ಹಾಗೆ ಕರಿದ ಕೊಕ್ಕಿಸಾಂ. ಬೇರೆ ಮತದವರೂ ಬರುತ್ತಿದ್ದರು. ಬಂದರಿನ ಬ್ಯಾರಿ ವ್ಯಾಪಾರಿಯೊಬ್ಬರ ಎಂಟು ಮಕ್ಕಳೂ ಒಂದೊಂದು ಡಿಸೆಂಬರಿನಲ್ಲಿ ನನ್ನ ಮೇಲೆ ಕೂತೇ ದೊಡ್ಡವರಾದದ್ದು. ಎಷ್ಟೋ ಕೂಸುಗಳು ತಮ್ಮ ಮೊದಲ ಹಲ್ಲನ್ನು ನನ್ನ ಹಲಗೆಯ ಅಂಚಿನಲ್ಲೇ ಪರೀಕ್ಷಿಸಿಕೊಂಡಿವೆ. ಆ ಗುರುತುಗಳು ಈಗಲೂ ಉಂಟು.

ಇಪ್ಪತ್ತನಾಲ್ಕನೇ ತಾರೀಖಿನ ಸಂಜೆ ನಾಲ್ಕಕ್ಕೆ ದೊಡ್ಡ ಕೇಕು ಕತ್ತರಿಸುವ ಪದ್ಧತಿ ಇತ್ತು. ಅಂದು ಬಂದವರಲ್ಲಿ ಎಲ್ಲರಿಗಿಂತ ಚಿಕ್ಕ ಕೂಸನ್ನು ನನ್ನ ಮೇಲೆ ಕೂರಿಸಿ, ಅದರ ಕೈಯನ್ನು ತಾಯಿಯ ಕೈಯೊಳಗೆ ಇಟ್ಟು ಚೂರಿ ಆಡಿಸುವುದು. ಆ ಮಾನಕ್ಕಾಗಿ ತಾಯಂದಿರು ಮುಂಚೆಯೇ ಬಂದು ಕೂತಿರುತ್ತಿದ್ದರು.

ಒಂದು ವರ್ಷ ಹಾಗೆ ಮೊದಲು ಬಂದವರು ಗ್ರೆಗರಿ ತಾವ್ರೊ, ಅವರ ಹೆಂಡತಿ ಸೆವ್ರಿನ್ ಮತ್ತು ಎಂಟು ತಿಂಗಳ ಮಗಳು. ಗ್ರೆಗರಿ ಇಗರ್ಜಿಯಲ್ಲಿ ಹಾಡಿನವರ ಮುಖ್ಯಸ್ಥ, ವಯಲಿನ್ ನುಡಿಸುವವರು. ಇನಾಸಣ್ಣ ಹುಡುಗಿಯನ್ನು ನನ್ನ ಮೇಲೆ ಕೂರಿಸಿದರು. ಅವಳು ಹಲಗೆಯನ್ನು ಎರಡೂ ಕೈಯಿಂದ ಬಡಿದು ಅಧಿಕಾರ ಸ್ಥಾಪಿಸಿದಳು.

ಇನ್ನೇನು ಕೇಕು ತರಬೇಕು, ಮೆಟ್ಟಿಲು ಹತ್ತಿ ಹಿಲರಿ ತಾವ್ರೊ ಬಂದರು. ಗ್ರೆಗರಿಯ ಸ್ವಂತ ತಮ್ಮ. ಜೊತೆಗೆ ಹೆಂಡತಿ ಮೋನಿಕಾ, ಅವಳ ಸೊಂಟದಲ್ಲಿ ಏಳು ತಿಂಗಳ ಗಂಡುಕೂಸು. ಹೋಟೆಲಿನ ಗದ್ದಲ ಒಮ್ಮೆಲೇ ತಗ್ಗಿತು. ಅಣ್ಣತಮ್ಮ ಮಾತು ಬಿಟ್ಟು ಮೂರು ವರ್ಷವಾಗಿದೆ ಎಂಬುದು ಊರಿಗೇ ಗೊತ್ತಿತ್ತು. ಹಬ್ಬದ ಪೂಜೆಗೆ ಹಿಲರಿ ಗಿಟಾರ್ ತಂದಾಗ, "ಇದು ದೇವರ ಮನೆ, ಮದುವೆ ಚಪ್ಪರ ಅಲ್ಲ" ಎಂದು ಗ್ರೆಗರಿ ಎಲ್ಲರೆದುರು ಹೇಳಿಬಿಟ್ಟಿದ್ದರು. ಅಂದಿನಿಂದ ತಮ್ಮ ಬೇರೆ ಇಗರ್ಜಿಗೆ ಹೋಗತೊಡಗಿದ್ದ. ಅಣ್ಣನ ಮಗಳ ಮುಖ ತಮ್ಮ ಕಂಡಿರಲಿಲ್ಲ, ತಮ್ಮನ ಮಗನ ಮುಖ ಅಣ್ಣ ಕಂಡಿರಲಿಲ್ಲ.

ಮೋನಿಕಾ ನೇರ ಇನಾಸಣ್ಣನ ಹತ್ತಿರ ಬಂದಳು. "ನಮ್ಮವನಿಗೆ ಏಳೇ ತಿಂಗಳು. ಇವತ್ತು ಎಲ್ಲರಿಗಿಂತ ಚಿಕ್ಕವನು ಇವನೇ ಅಲ್ವಾ?"

"ಹೌದು ಬಾಯಿ. ಆದರೆ ಕುರ್ಚಿ ಇರುವುದು ಒಂದೇ."

ಗ್ರೆಗರಿ ತಟ್ಟನೆ ಎದ್ದರು. "ಅವರಿಗೇ ಕೊಡಿ ಇನಾಸಣ್ಣ. ಸೆವ್ರಿನ್, ಹೊರಡುವ."

ಮಗಳನ್ನು ಎತ್ತಲು ನೋಡಿದರು. ಅವಳು ಬಿಟ್ಟರೆ ತಾನೆ? ಹಲಗೆಯನ್ನು ಗಟ್ಟಿಯಾಗಿ ಹಿಡಿದು, ಅಡ್ಡಪಟ್ಟಿಗೆ ಪಾದ ಸಿಕ್ಕಿಸಿ, ಮಾಡು ಹಾರಿಹೋಗುವ ಹಾಗೆ ಕಿರುಚಿದಳು. ಅದು ಕೇಳಿ ಗಂಡುಕೂಸೂ ಶುರು ಮಾಡಿತು. ನನ್ನ ಮೈಯೆಲ್ಲ ನಡುಗಿತು.

ಆಗ ಇನಾಸಣ್ಣ ಒಂದು ಕೆಲಸ ಮಾಡಿದರು. ಯಾರನ್ನೂ ಕೇಳಲಿಲ್ಲ. ಮೋನಿಕಾಳ ಸೊಂಟದಿಂದ ಕೂಸನ್ನು ಎತ್ತಿಕೊಂಡು ಹುಡುಗಿಯ ಪಕ್ಕದಲ್ಲಿ ಇಳಿಸಿದರು. ಕೊಗ್ಗ ಆಚಾರಿಯ ಮೊಮ್ಮಗನ ಪುಣ್ಯ, ಇಬ್ಬರೂ ಹಿಡಿಸಿದರು. ಹುಡುಗಿ ಅಳು ನಿಲ್ಲಿಸಿ ಪಕ್ಕಕ್ಕೆ ನೋಡಿದಳು. ಕೈ ಚಾಚಿ ಅವನ ಕಿವಿ ಹಿಡಿದಳು. ಅವನಿಗೂ ಅಳು ಮರೆತುಹೋಯಿತು.

"ಎರಡು ಕಡೆಯಿಂದ ಹಿಡ್ಕೊಳ್ಳಿ" ಎಂದರು ಇನಾಸಣ್ಣ, ಇಬ್ಬರು ಅಪ್ಪಂದಿರ ಕಡೆ ನೋಡಿ. "ಇಬ್ಬರ ಭಾರಕ್ಕೆ ಮಾಡಿದ ಕುರ್ಚಿ ಅಲ್ಲ ಮಾರಾಯ್ರೆ ಇದು."

ಅದು ಸುಳ್ಳು. ಇಂಥ ನಾಲ್ಕು ಕೂಸುಗಳನ್ನು ನಾನು ಹೊರಬಲ್ಲೆ. ಗ್ರೆಗರಿ ಬಲಗಡೆ ಬಂದು ನಿಂತರು, ಹಿಲರಿ ಎಡಗಡೆ. ಇಬ್ಬರ ಕೈಯೂ ನನ್ನ ಬೆನ್ನಿನ ಮೇಲೆ, ನಡುವೆ ನಾಲ್ಕು ಬೆರಳಿನ ಅಂತರ. ಒಬ್ಬರು ಗೋದಲಿ ನೋಡುತ್ತಿದ್ದರು, ಇನ್ನೊಬ್ಬರು ಕಿಟಕಿ.

ಕೇಕು ಬಂತು. ಹುಡುಗ ಅದನ್ನು ಹಿಡಿಯಲು ಮುಂದಕ್ಕೆ ವಾಲಿದ.

"ಸರಿ ಹಿಡ್ಕೊಳ್ಳೋ, ಬೀಳ್ತಾನೆ!" ಗ್ರೆಗರಿಯ ಬಾಯಿಂದ ಬಂದುಬಿಟ್ಟಿತು.

"ಹಿಡ್ದಿದ್ದೇನೆ. ನೀನು ಅವಳನ್ನು ನೋಡು, ಅವನ ಕಿವಿ ಕಿತ್ತು ಬರ್ತದೆ!"

ಮೂರು ವರ್ಷಗಳ ಬಳಿಕ ಆಡಿದ ಮೊದಲ ಮಾತು. ಹೇಳಿದ ಮೇಲೆ ಇಬ್ಬರೂ ಬೆಪ್ಪಾಗಿ ನಿಂತರು. ಮೊದಲು ನಕ್ಕದ್ದು ಹಿಲರಿ. ಆಮೇಲೆ ಗ್ರೆಗರಿ ನಗು ತಡೆಯಲು ಹೋಗಿ ಕೆಮ್ಮಿದರು. ನಾಲ್ಕು ಪುಟ್ಟ ಕೈಗಳು, ಇಬ್ಬರು ತಾಯಂದಿರ ಕೈಗಳು, ಎಲ್ಲ ಸೇರಿ ಕೇಕನ್ನು ಕತ್ತರಿಸಿದ್ದಕ್ಕಿಂತ ಕಲಸಿದ್ದೇ ಹೆಚ್ಚು. ಹೋಟೆಲಿಗೆ ಹೋಟೆಲೇ ಚಪ್ಪಾಳೆ ತಟ್ಟಿತು. ಯಾರೋ ಹಬ್ಬದ ಹಾಡು ಎತ್ತಿದರು. ಶ್ರುತಿ ತಪ್ಪಿತ್ತು. ಗ್ರೆಗರಿಗೆ ತಡೆಯಲಾಗಲಿಲ್ಲ, ತಾವೇ ಸರಿಯಾದ ಸ್ವರ ಹಿಡಿದರು. ಹಿಲರಿ ಕೆಳಗಿನ ಸ್ವರದಲ್ಲಿ ಸೇರಿಕೊಂಡರು.

ಸೆವ್ರಿನ್ ಮತ್ತು ಮೋನಿಕಾ ಒಬ್ಬರನ್ನೊಬ್ಬರು ನೋಡಲೇ ಇಲ್ಲ. ಮೇಜಿನ ಕೆಳಗೆ ಮಾತ್ರ ಒಬ್ಬಳ ಚಪ್ಪಲಿ ಇನ್ನೊಬ್ಬಳ ಚಪ್ಪಲಿಯನ್ನು ಮೆಲ್ಲಗೆ ಒತ್ತಿತು. ಕೆಳಗೆ ನಡೆಯುವುದೆಲ್ಲ ನನಗೆ ಕಾಣುತ್ತದೆ. ವಾರದ ಹಿಂದೆ ಅವರಿಬ್ಬರೂ ರಿಬ್ಬನ್ನಿನ ಕೌಂಟರಿನಲ್ಲಿ ಗುಸುಗುಸು ಮಾತಾಡುತ್ತಿದ್ದುದನ್ನು ಇನಾಸಣ್ಣ ಕಂಡಿದ್ದರಂತೆ. ಹಬ್ಬ ಕಳೆದ ಮೇಲೆ ನನ್ನನ್ನು ಒರೆಸುತ್ತ ಅಡುಗೆಯವರಿಗೆ ಹೇಳಿದಾಗ ನನಗೂ ತಿಳಿಯಿತು. ಮುಂದಿನ ಡಿಸೆಂಬರಿನಲ್ಲಿ ಗೋದಲಿಯ ಪಕ್ಕ ವಯಲಿನ್ನೂ ಗಿಟಾರೂ ಒಟ್ಟಿಗೆ ನುಡಿದವು. ಕೂಸುಗಳೆರಡೂ ಅಷ್ಟರಲ್ಲಿ ನಡೆಯಲು ಕಲಿತು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಜಾತಿಯವರಿಗೆ ಅದು ಮಾಮೂಲು. ಒಂದು ವರ್ಷದ ಸ್ನೇಹ, ಅಷ್ಟೆ.

ಆಮೇಲೆ ಪ್ಲಾಸ್ಟಿಕ್ಕಿನ ಕುರ್ಚಿಗಳು ಬಂದವು. ತೊಳೆಯಲು ಸುಲಭ, ಬಣ್ಣವೂ ಚಂದ. ನನ್ನ ಒಂದು ಕಾಲು ಸಡಿಲವಾಯಿತು. ಎರ್ಮಿನ್ ಬಾಯಿ ತೀರಿಕೊಂಡರು. ನಲವತ್ತು ವರ್ಷ ದುಡಿದು ಇನಾಸಣ್ಣ ಮನೆಗೆ ಹೋದರು. ಅಂಗಡಿಯನ್ನು ಈಗ ನಡೆಸುವ ಎರ್ಮಿನ್ ಬಾಯಿಯ ಮೊಮ್ಮಗಳು ಲವಿಟಾ ನನ್ನನ್ನು ಬಿಸಾಡಲಿಲ್ಲ, ಕಿಟಕಿಯ ಬಳಿ ಗೋಡೆಗೆ ಒರಗಿಸಿ ನಿಲ್ಲಿಸಿದಳು. ಇಲ್ಲಿಂದ ಹಂಪನಕಟ್ಟೆಯ ಜನಸಂದಣಿ ಕಾಣುತ್ತದೆ. ಬೇಜಾರಿಲ್ಲ.

ಹೋದ ವರ್ಷ ಇಪ್ಪತ್ತನಾಲ್ಕಕ್ಕೆ ಲವಿಟಾ ಇನಾಸಣ್ಣನನ್ನು ಕಾರಿನಲ್ಲಿ ಕರೆತಂದಳು. ವಯಸ್ಸು ಎಂಬತ್ತು ದಾಟಿದೆ. ಅಂಗಿಯ ಇಸ್ತ್ರಿ ಮಾತ್ರ ಹಾಗೆಯೇ. ಕಿಟಕಿಯ ಮೇಜಿನಲ್ಲಿ ಕೂರಿಸಿದರೆ ಕೂರಲು ಬಾರದು. ಯಾರೋ ನೀರು ಕೇಳಿದರೆ ಏಳುತ್ತಾರೆ, ಚಮಚ ಬಿದ್ದರೆ ಏಳುತ್ತಾರೆ.

"ಅಯ್ಯೋ, ಕೂತ್ಕೊಳ್ಳಿ ಇನಾಸಣ್ಣ! ಇವತ್ತು ನೀವು ಗಿರಾಕಿ" ಎಂದು ಲವಿಟಾ ಗದರಿಸಿ, ಕೇಕಿನ ಮೊದಲ ತುಂಡನ್ನು ತಾನೇ ತಂದು ಬಡಿಸಿದಳು.

ಅಷ್ಟು ವರ್ಷ ಅವರು ಈ ಕೇಕನ್ನು ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಇಬ್ಬರು ಗಿರಾಕಿಗಳ ನಡುವಿನ ಬಿಡುವಿನಲ್ಲಿ ನುಂಗಿದವರು. ಈಗ ಚಮಚದಿಂದ ಸಣ್ಣ ತುಂಡು ಮಾಡಿ ಬಾಯಿಗಿಟ್ಟರು. ನಿಧಾನ ಅಗಿದರು. ಕಣ್ಣು ಮುಚ್ಚಿದರು. ನಾವೆಲ್ಲ ಕಾದೆವು.

"ಕೂತು ತಿಂದರೆ" ಎಂದರು ಕೊನೆಗೆ, "ಇದರ ರುಚಿಯೇ ಬೇರೆ ಮಾರಾಯ್ರೆ."

ಕೂರಿಸಿ ಉಣಿಸುವುದೇ ನನ್ನ ಬದುಕು. ಆದರೂ ಅದರ ಬೆಲೆ ಏನೆಂದು ನನಗೆ ಪೂರ್ತಿ ತಿಳಿದದ್ದು ಅಂದು.