ಸೀಟು ಹಿಡಿದ ಹಾಲುಹಲ್ಲು

ಬಾಳೆಹೊನ್ನೂರಿನ ಸ್ಟ್ಯಾಂಡಿನಲ್ಲಿ ಕೊಪ್ಪದ ಬಸ್ಸು ಸರಿಯಾಗಿ ನಿಲ್ಲುವ ಮೊದಲೇ ಗಂಗಾಂಬಿಕೆಯ ಕೆಂಪು ಟವೆಲ್ಲು ಕಿಟಕಿಯೊಳಗೆ ಬಿದ್ದಾಗಿತ್ತು. ಅದನ್ನು ಸರಿಸಿ ಕೂರಲು ಹೋದವನೊಬ್ಬನನ್ನು, "ಟವೆಲ್ ಕಾಣಲ್ವಾ ಮಾರಾಯ? ಅದಿದ್ರೆ ಆಳು ಇದ್ದ ಹಾಗೇ!" ಎಂದು ಗದರಿಸಿ ಎಬ್ಬಿಸಿದಳು. ನಾಲ್ಕು ವರ್ಷದ ಮೊಮ್ಮಗಳು ಸಿರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಸೊಸೆ ಅರ್ಪಿತಾ ಪಕ್ಕದಲ್ಲಿ ಮುಖ ಊದಿಸಿಕೊಂಡು ಕುಳಿತಳು. ಅತ್ತೆ ಸೊಸೆ ಮಾತು ಬಿಟ್ಟು ಎರಡು ದಿನವಾಗಿತ್ತು.

ಜಗಳ ಹಲ್ಲಿನದು. ಸಿರಿಯ ದವಡೆ ಹಲ್ಲು ಹುಳುಕಾಗುತ್ತಿದೆ, ನೋವು ಶುರುವಾಗುವ ಮೊದಲೇ ಕೊಪ್ಪದಲ್ಲಿ ತೋರಿಸಿ ಎಂದು ಅಂಗನವಾಡಿಯ ಯಮುನಮ್ಮ ಟೀಚರು ಹೇಳಿದ್ದರು. "ನೋವೇ ಇಲ್ಲ, ಬಿದ್ದು ಹೋಗೋ ಹಾಲುಹಲ್ಲು, ಅದಕ್ಕೊಬ್ಬ ಡಾಕ್ಟ್ರಾ?" ಎಂದು ಗಂಗಾಂಬಿಕೆ ಹಾರಾಡಿದ್ದಳು. ಬಾಯಿಗೆ ಬಂದದ್ದು ಅಷ್ಟು. ಹೊಟ್ಟೆಯೊಳಗಿದ್ದದ್ದು ಬೇರೆ. ಅವಳ ಅಣ್ಣ ಸೋಮಶೇಖರಪ್ಪ ದವಡೆ ಹಲ್ಲು ಕೀಳಿಸಿಕೊಂಡ ವರ್ಷದೊಳಗೆ ಕಣ್ಣು ಕಳೆದುಕೊಂಡಿದ್ದ. ಹಲ್ಲಿನ ಬೇರು ಕಣ್ಣಿಗೆ ಹೋಗಿರುತ್ತದೆ ಎಂದು ತವರಿನಲ್ಲಿ ಎಲ್ಲರೂ ಮಾತಾಡಿಕೊಂಡಿದ್ದರು. ಸಿರಿಯ ಬಟ್ಟಲುಗಣ್ಣು ನೋಡಿದಾಗಲೆಲ್ಲ ಮುದುಕಿಗೆ ಸಂಕಟವಾಗುತ್ತಿತ್ತು. ತೋರಿಸಿಯೇ ತೀರುವುದೆಂದು ಅರ್ಪಿತಾ ಪಟ್ಟು ಹಿಡಿದಾಗ, ಇಕ್ಕಳ ಕಂಡರೆ ಮಗುವನ್ನು ಎತ್ತಿಕೊಂಡು ಓಡಿಬಿಡುವುದೆಂದು ತೀರ್ಮಾನಿಸಿಯೇ ಹೊರಟಿದ್ದಳು.

ಕೊಪ್ಪದ ಹಲ್ಲಿನ ಡಾಕ್ಟರು ಭವ್ಯ ಇನ್ನೂ ಚಿಕ್ಕ ಪ್ರಾಯದವಳು. ಟ್ರೇಯಿಂದ ಏನೋ ಹೊಳೆಯುವುದನ್ನು ಎತ್ತಿಕೊಂಡಳೋ ಇಲ್ಲವೋ, ಗಂಗಾಂಬಿಕೆ ಗಬಕ್ಕನೆ ಅವಳ ಕೈ ಹಿಡಿದುಕೊಂಡಳು.

"ಕೀಳ್ಬೇಡಿ ತಾಯಿ! ಮಗೀನ ಕಣ್ಣು ಹೋಗುತ್ತೆ!"

"ಇದು ಕನ್ನಡಿ ಅಜ್ಜಿ," ಎಂದಳು ಭವ್ಯ. ಪುಣ್ಯಕ್ಕೆ ನಗಲಿಲ್ಲ. ಅಣ್ಣನ ಕಥೆ ಪೂರ್ತಿ ಕೇಳಿಸಿಕೊಂಡು, "ಅವರಿಗೆ ಸಕ್ಕರೆ ಕಾಯಿಲೆ ಇತ್ತಾ?" ಎಂದು ಕೇಳಿದಳು.

"ಇತ್ತು. ಔಷಧಿ ಸರಿಯಾಗಿ ತಗೋತಾನೇ ಇರ್ಲಿಲ್ಲ."

"ಆ ಕಾಯಿಲೆಗೆ ಕಣ್ಣು ಹೋಗೋದುಂಟು. ಹಲ್ಲಿನ ಬೇರು ಕಣ್ಣಿನ ತನಕ ಹೋಗಲ್ಲ ಅಜ್ಜಿ." ಕನ್ನಡಿ ಹಿಡಿದು ಸಿರಿಯ ಹಲ್ಲು ನೋಡಿದಳು. "ಅದೂ ಅಲ್ದೆ ನಾನು ಕೀಳೋದೂ ಇಲ್ಲ, ತೂತು ಮುಚ್ತೀನಿ ಅಷ್ಟೇ."

ಗಂಗಾಂಬಿಕೆಯ ಎದೆ ಹಗುರವಾಯಿತು. ಆದರೂ ಸೋಲೊಪ್ಪಿಕೊಳ್ಳುವ ಹೆಂಗಸಲ್ಲ. "ಹೆಂಗೂ ಬೀಳೋ ಹಲ್ಲು..." ಎಂದು ರಾಗ ಎಳೆದಳು.

ಭವ್ಯ ಅವಳ ಹೆಗಲ ಮೇಲಿದ್ದ ಟವೆಲ್ಲನ್ನು ನೋಡಿದಳು. "ಬಸ್ಸಲ್ಲಿ ಅದನ್ನ ಯಾಕೆ ಹಾಕ್ತೀರಿ?"

"ಸೀಟು ಹಿಡಿಯೋಕೆ."

"ಹಾಲುಹಲ್ಲೂ ಟವೆಲ್ಲೇ. ಆಮೇಲೆ ಬರೋ ದೊಡ್ಡ ಹಲ್ಲಿಗೆ ಸೀಟು ಹಿಡ್ಕೊಂಡಿದೆ. ಇದು ಈಗಲೇ ಹಾಳಾಗಿ ಹೋದ್ರೆ ಪಕ್ಕದ್ದು ಸರಿದು ಬಂದು ಕೂತ್ಕೊಳ್ಳುತ್ತೆ."

ಗಂಗಾಂಬಿಕೆಗೆ ಬಸ್ಸಿನ ಆ ಮನುಷ್ಯ ನೆನಪಾದ. "ಥೂ, ಹಂಗೆಲ್ಲಾ ಬಿಡಬಾರ್ದು! ಮುಚ್ಚಿ ತಾಯಿ, ಮುಚ್ಚಿ," ಎಂದಳು.

ತೂತು ಮುಚ್ಚಿ, ಉಳಿದ ಹಲ್ಲುಗಳಿಗೆ ಔಷಧಿ ಬಳಿದದ್ದಾಯಿತು. ಸಿರಿ ಅಳಲೂ ಇಲ್ಲ. ಕೈ ತೊಳೆಯುತ್ತಾ ಭವ್ಯ, "ಮಲಗುವಾಗ ಬಾಯಲ್ಲಿ ಏನಾದ್ರೂ ಇಟ್ಕೊಳ್ತಾಳಾ?" ಎಂದಳು.

ಎದೆಹಾಲು ಬಿಡಿಸಿದಂದಿನಿಂದ ಒಂದು ಚೂರು ಬೆಲ್ಲವನ್ನು ಮಗುವಿನ ಕೆನ್ನೆಯೊಳಗೆ ಇಟ್ಟು ಮಲಗಿಸುತ್ತಿದ್ದವಳು ಗಂಗಾಂಬಿಕೆಯೇ.

"ನಾನೇ ಬೆಲ್ಲ ಇಡ್ತಿದ್ದೆ," ಎಂದಳು. "ನನ್ನ ಕೈಯಾರೆ ಹಾಳು ಮಾಡಿದೆ."

ಸೊಸೆ ಇನ್ನು ಮುಗಿಬೀಳುತ್ತಾಳೆ ಎಂದು ತಲೆ ತಗ್ಗಿಸಿದಳು. ಅರ್ಪಿತಾ, "ನಂಗೂ ಗೊತ್ತಿತ್ತು ಅತ್ತೆ. ಬೇಗ ಮಲಗ್ತಾಳಲ್ಲ ಅಂತ ನಾನೂ ಸುಮ್ನಿದ್ದೆ," ಎಂದಳು. ಎರಡು ದಿನದ ಮೇಲೆ ಆಡಿದ ಮೊದಲ ಮಾತು ಅದು. ಗಂಗಾಂಬಿಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ವಾಪಸು ಬರುವಾಗ ಬಸ್ಸಿನಲ್ಲಿ ಸಿರಿಗೆ ತೂಕಡಿಕೆ. "ಅಜ್ಜಿ, ಬೆಲ್ಲ," ಎಂದು ಬಾಯಿ ತೆರೆದಳು. ರೂಢಿಯಂತೆ ಮುದುಕಿಯ ಕೈ ಎಲೆಯಡಿಕೆ ಚೀಲಕ್ಕೆ ಹೋಗಿ ಬೆಲ್ಲದ ಚೂರನ್ನು ತೆಗೆದೇಬಿಟ್ಟಿತು. ಕ್ಷಣ ಹೊತ್ತು ಅದನ್ನೇ ನೋಡಿದವಳು ತನ್ನ ಬೊಚ್ಚುಬಾಯಿಗೆ ಹಾಕಿಕೊಂಡಳು.

"ನಿಂಗೆ ಬೇಡ ಪುಟ್ಟೀ. ನನ್ನ ಬಾಯಲ್ಲಿ ಸೀಟೆಲ್ಲಾ ಖಾಲಿ, ಇನ್ನು ಹತ್ತೋರು ಯಾರೂ ಇಲ್ಲ."

ಅರ್ಪಿತಾ ಕಿಸಕ್ಕನೆ ನಕ್ಕಳು. ಜಯಪುರ ಬರುವ ಮೊದಲೇ ಸಿರಿ ಬೆಲ್ಲವಿಲ್ಲದೆ ನಿದ್ದೆ ಹೋಗಿದ್ದಳು.