ಕಾಲರಿನ ವಾಸನೆ

ಅಪ್ಪ ಜೀವಮಾನದಲ್ಲಿ ಒಂದು ಹನಿ ಬ್ರಾಂದಿ ಬಾಯಿಗೆ ಹಾಕಿದವನಲ್ಲ. ಆದರೂ ಕುಡುಕ ಎಂಬ ಹೆಸರು ಹೊತ್ತುಕೊಂಡೇ ಸತ್ತ. ಆ ಹೆಸರು ಕೊಟ್ಟವಳು ಅಮ್ಮ.

ಗಡಿಯಾರ ರಿಪೇರಿ ಮಾಡುತ್ತಿದ್ದ ಅವನ ಕೈ ನಲವತ್ತರ ಹೊತ್ತಿಗೆ ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ಭುಜ ಎಗರುತ್ತಿತ್ತು, ಕಾಲು ತೊಡರುತ್ತಿತ್ತು, ಸುಮ್ಮಸುಮ್ಮನೆ ರೇಗುತ್ತಿದ್ದ. ಅವನಪ್ಪನಿಗೂ ಹೀಗೇ ಆಗಿತ್ತೆಂದು ಅಮ್ಮನಿಗೆ ಗೊತ್ತಿತ್ತು. ಕುಡುಕನ ಹೆಣ್ಣುಮಕ್ಕಳಿಗೆ ಹೇಗೋ ಗಂಡು ಸಿಗುತ್ತದೆ, ರೋಗದ ಮನೆತನದವರಿಗೆ ಸಿಗುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ದಿನಾ ಬೆಳಿಗ್ಗೆ ಒಗೆದ ಅಂಗಿಯ ಕಾಲರಿಗೆ ಎರಡು ಚಮಚ ಬ್ರಾಂದಿ ಸವರಿ, ಅಪ್ಪನಿಗೆ ತೊಡಿಸಿ, ಅಂಗಡಿಗೆ ಕಳಿಸುತ್ತಿದ್ದಳು. ಅವನು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಆ ವಾಸನೆಯನ್ನು ನಂಬಿ ನಾನು ಆರು ವರ್ಷ ಅವನ ಜೊತೆ ಮಾತು ಬಿಟ್ಟಿದ್ದೆ. ಅಮ್ಮ ನಿಜ ಹೇಳಿದ್ದು ಅಪ್ಪ ಸತ್ತು, ಅಕ್ಕನ ಮದುವೆಯೂ ಮುಗಿದ ಮೇಲೆ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಈಗ ನನ್ನ ಹೊಟ್ಟೆಪಾಡು ಅದೇ ರೋಗ. ಪ್ರಯೋಗಾಲಯದಲ್ಲಿ ಸತ್ತವರ ಮಿದುಳನ್ನು ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಬಣ್ಣ ಹಾಕುತ್ತೇನೆ. ಒಂದು ಪ್ರೋಟೀನು ಅಡ್ಡಾದಿಡ್ಡಿ ಮಡಚಿಕೊಂಡು, ಒಂದಕ್ಕೊಂದು ಅಂಟಿ, ನರಕೋಶದೊಳಗೆ ಗಂಟು ಕಟ್ಟಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಣುವುದು ಕಂದು ಚುಕ್ಕೆ, ಅಷ್ಟೇ. ಆ ಚುಕ್ಕೆಗೆ ಅಪ್ಪ ತನ್ನ ಮಾನ ತೆತ್ತ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ನಾನು ರಕ್ತ ಪರೀಕ್ಷೆ ಮಾಡಿಸಿಕೊಂಡೆ, ಬಚಾವಾದೆ. ಅಕ್ಕ ಮಾಡಿಸಿಕೊಳ್ಳಲೇ ಇಲ್ಲ.

ಹೋದ ವಾರ ಹೊಲಿಗೆ ಅಂಗಡಿಯ ಮಾಲೀಕ ಅಕ್ಕನನ್ನು ಮನೆಗೆ ಕಳಿಸಿದ. ಕೈಯಲ್ಲಿದ್ದ ಕತ್ತರಿ ಎಗರಿ ಗಿರಾಕಿಯ ಕೋಟು ಹಾಳಾಗಿತ್ತು. ಕುಡಿದು ಕೆಲಸಕ್ಕೆ ಬರಬೇಡ ಎಂದನಂತೆ. ಅಕ್ಕ ಇಲ್ಲವೆನ್ನಲಿಲ್ಲ. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಈಗಲೇ ಹೋಗಿ ಅವನಿಗೆ ಇರುವ ವಿಷಯ ಹೇಳುತ್ತೇನೆಂದು ಎದ್ದೆ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಮಗಳ ಮದುವೆಗೆ ಇನ್ನೆರಡು ತಿಂಗಳಿದೆ. ಆಮೇಲೆ ಏನ್ ಬೇಕಾದ್ರೂ ಹೇಳ್ಕೋ."

"ಅವಳಿಗೂ ಇದ್ರೆ? ಅವಳಿಗಾದ್ರೂ ಹೇಳೇ."

"ಅವಳಿಗೆ ಹೇಳಿದ್ರೆ ಆ ಹುಡುಗನಿಗೂ ಹೇಳ್ತಾಳೆ, ಮದುವೆ ಮುರಿಯುತ್ತೆ. ಗೊತ್ತಾದ್ರೆ ನೀನೇನು ವಾಸಿ ಮಾಡ್ತೀಯಾ?"

ಹದಿನೆಂಟು ವರ್ಷದಿಂದ ಆ ಚುಕ್ಕೆ ಎಣಿಸುತ್ತಿದ್ದೇನೆ, ಅದಕ್ಕೆ ಮದ್ದು ಇನ್ನೂ ಸಿಕ್ಕಿಲ್ಲ. ಅಕ್ಕ ಎಗರುತ್ತಿದ್ದ ಭುಜವನ್ನು ಅದುಮಿ ಹಿಡಿದುಕೊಂಡು ಕಪಾಟಿನಿಂದ ಬ್ರಾಂದಿ ಬಾಟಲಿ ತೆಗೆದಳು. ಮುಚ್ಚಳ ತಿರುಗಿಸಲು ಆಗಲಿಲ್ಲ. ಮೂರು ಸಲ ಜಾರಿತು. ಕೊನೆಗೆ ನನ್ನ ಮುಂದಿಟ್ಟಳು.

"ಅವಳು ಬರೋ ಹೊತ್ತಾಯ್ತು. ನೀನೇ ಸ್ವಲ್ಪ ಹಚ್ಚು."

ಗೇಟಿನ ಸದ್ದಾಯಿತು. ಅಮ್ಮನನ್ನು ಮನಸಾರೆ ಬೈದುಕೊಳ್ಳುತ್ತಲೇ ನಾನು ಮುಚ್ಚಳ ತೆಗೆದೆ. ಅಕ್ಕನ ಅಂಗಿಯ ಕಾಲರಿಗೆ ಎರಡು ಚಮಚದಷ್ಟು ಸವರಿದೆ.

ಮಗಳು ಒಳಗೆ ಬಂದವಳು ಮೂಗು ಮುಚ್ಚಿಕೊಂಡಳು. ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ.

"ಚಿಕ್ಕಮ್ಮ, ಮದುವೆ ದಿನ ಅಮ್ಮನ್ನ ಕರ್ಕೊಂಡು ಬರಬೇಡ."

ಅಕ್ಕ ತಲೆ ತಗ್ಗಿಸಿದಳು. ನಾನು ಆಗಲಿ ಎಂದೆ.